ಬಾಡಿಗೆದಾರರ ಸಮೇತ ಕಟ್ಟಡ ಕೊಂಡವರಿಗೆ: ನೀರು, ವಿದ್ಯುತ್ತು, ಮೇಂಟೆನೆನ್ಸ್ ನಿಭಾಯಿಸುವ ಬಗೆ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ 30×40 ಅಡಿಯ ನಿವೇಶನದ ಮೇಲೆ ಕೆಳಗೊಂದು ಅಂಗಡಿ, ಮೇಲೆ ನಾಲ್ಕು ಮನೆ ಎಂಬಂತೆ ಕಟ್ಟಿ ಬಾಡಿಗೆಗೆ ಕೊಟ್ಟ ಕಟ್ಟಡಗಳು ಸಾಮಾನ್ಯವಾಗಿ ಬಾಡಿಗೆದಾರರ ಸಮೇತವೇ ಕೈ ಬದಲಾಗುತ್ತವೆ. ಕೊಂಡ ಮೊದಲ ತಿಂಗಳಲ್ಲೇ ಹೊಸ ಮಾಲೀಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಹಳೆಯ ಮಾಲೀಕರು ನೀರು, ಮೆಟ್ಟಿಲ ದೀಪ, ಲಿಫ್ಟು ಎಲ್ಲವನ್ನೂ ಬಾಡಿಗೆಯಲ್ಲೇ ಸೇರಿಸಿಬಿಟ್ಟಿದ್ದಾರೆ. ಇನ್ನು ಮುಂದೆ ಅವಕ್ಕೆಲ್ಲ ಬೇರೆ ದುಡ್ಡು ಕೊಡಿ ಎಂದು ನಾನು ಕೇಳಬಹುದೇ?”

ಕರಾರಿನ ಅವಧಿ ಮುಗಿಯುವವರೆಗೆ, ಬಾಡಿಗೆದಾರರು ತಾವಾಗಿ ಒಪ್ಪಿದ ಹೊರತು, ಕೇಳಲಾಗುವುದಿಲ್ಲ. ಬಾಡಿಗೆಯಲ್ಲಿ ಸೇರಿಸಿ ಕೊಟ್ಟ ನೀರು ಹಳೆಯ ಮಾಲೀಕರ ಔದಾರ್ಯವಲ್ಲ. ಅದು ಬಾಡಿಗೆಯ ಒಂದು ಭಾಗ. ಹದಿನೆಂಟು ಸಾವಿರ ಬಾಡಿಗೆಯಲ್ಲಿ ನೀರೂ ಸೇರಿದೆ ಎಂದರೆ ನೀವು ಕೊಂಡ ಮನೆಯ ನಿಜವಾದ ಬಾಡಿಗೆ ಹದಿನೆಂಟು ಸಾವಿರಕ್ಕಿಂತ ಕಡಿಮೆ ಎಂದೇ ಅರ್ಥ. ಎಷ್ಟು ಕಡಿಮೆ ಎಂಬುದನ್ನು ಕ್ರಯಪತ್ರ ನೋಂದಣಿಗೆ ಮೊದಲೇ ಲೆಕ್ಕ ಹಾಕಬೇಕು. ನೋಂದಣಿಯಾದ ಮೇಲೆ ಹಾಕುವ ಲೆಕ್ಕದಿಂದ ಬೇಸರವಾದೀತೇ ಹೊರತು ದುಡ್ಡು ಉಳಿಯುವುದಿಲ್ಲ.

ಕಾನೂನು ಹೇಳುವುದೇನು

1882ರ ಆಸ್ತಿ ವರ್ಗಾವಣೆ ಅಧಿನಿಯಮದ 109ನೇ ಕಲಂ ಇಲ್ಲಿ ಮುಖ್ಯ. ಮಾರಾಟವಾದ ಮಾತ್ರಕ್ಕೆ ಬಾಡಿಗೆ ಕರಾರು ಬಿದ್ದುಹೋಗುವುದಿಲ್ಲ. ಹಳೆಯ ಮಾಲೀಕರ ಹಕ್ಕುಗಳು ಕೊಂಡವರಿಗೆ ಬರುತ್ತವೆ, ಬಾಡಿಗೆದಾರರು ಬಯಸಿದರೆ ಹಳೆಯ ಮಾಲೀಕರ ಹೊಣೆಗಳೂ ಕೊಂಡವರ ಬೆನ್ನಿಗೇ ಬರುತ್ತವೆ. ಇದರೊಂದಿಗೆ ಎರಡು ಸಂಗತಿಗಳನ್ನು ನೆನಪಿಡಬೇಕು. ಮಾರಾಟಕ್ಕೆ ಮೊದಲು ಬರಬೇಕಿದ್ದ ಬಾಡಿಗೆ ಬಾಕಿಯ ಮೇಲೆ ಈ ಕಲಂ ನಿಮಗೆ ಹಕ್ಕು ಕೊಡುವುದಿಲ್ಲ. ಮಾರಾಟದ ವಿಷಯ ತಿಳಿಯದೆ ಬಾಡಿಗೆದಾರರು ಹಳೆಯ ಮಾಲೀಕರಿಗೇ ಬಾಡಿಗೆ ಕಟ್ಟಿದ್ದರೆ, ಅದನ್ನು ಮತ್ತೆ ನಿಮಗೆ ಕಟ್ಟಿ ಎಂದು ಒತ್ತಾಯಿಸಲೂ ಬರುವುದಿಲ್ಲ.

1999ರ ಕರ್ನಾಟಕ ಬಾಡಿಗೆ ಅಧಿನಿಯಮದ ವ್ಯಾಪ್ತಿ ಕಿರಿದು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳು, 14 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಅದರ ಹೊರಗೆ ಉಳಿಯುತ್ತವೆ. ಹಾಗಾಗಿ ಇಂದಿನ ಹೆಚ್ಚಿನ ಬಾಡಿಗೆಗಳಿಗೆ 1882ರ ಅಧಿನಿಯಮ ಮತ್ತು ನಿಮ್ಮ ಕರಾರುಪತ್ರ ಇವೆರಡೇ ಆಧಾರ. ಆದರೆ ಪೇಟೆ ಭಾಗದಲ್ಲಿ ದಶಕಗಳಿಂದ ಅಲ್ಪ ಬಾಡಿಗೆಗೆ ಇರುವವರು ನಿಮ್ಮ ಪಾಲಿಗೆ ಬಂದಿದ್ದರೆ, ಏನನ್ನೂ ಬದಲಿಸುವ ಮೊದಲು ವಕೀಲರನ್ನು ಕಾಣಿ.

ಹಂತ 1: ಕರಾರುಪತ್ರ ತರಿಸಿಕೊಂಡು ಸಾಲು ಸಾಲಾಗಿ ಓದಿ

ಪ್ರತಿ ಬಾಡಿಗೆದಾರರ ಕರಾರುಪತ್ರದ ಪ್ರತಿಯನ್ನು ಮಾರುವವರಿಂದ ಕೇಳಿ ಪಡೆಯಿರಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ, ಅದರಿಂದ ತಪ್ಪಿಸಿಕೊಳ್ಳಲು ನಮ್ಮಲ್ಲಿ 11 ತಿಂಗಳ ಕರಾರೇ ರೂಢಿ. ಅವಧಿ ಮುಗಿದು ವರ್ಷಗಳಾದರೂ ಹಾಗೆಯೇ ಮುಂದುವರಿದಿರುವುದು ಅಷ್ಟೇ ಸಾಮಾನ್ಯ. ಹೀಗೆ ಮುಂದುವರಿದ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎನಿಸುತ್ತದೆ. ಅದನ್ನು ಕೊನೆಗಾಣಿಸಲು 1882ರ ಅಧಿನಿಯಮದ 106ನೇ ಕಲಮಿನ ಪ್ರಕಾರ 15 ದಿನಗಳ ನೋಟಿಸು ಬೇಕು. ಷರತ್ತು ಬದಲಿಸಲು ನಿಮಗೆ ಅವಕಾಶವಿರುವುದು ಈ ಬಗೆಯ ಬಾಡಿಗೆಯಲ್ಲೇ.

ಓದುವಾಗ ಒಂದು ಪದದ ಮೇಲೆ ವಿಶೇಷ ಗಮನವಿರಲಿ. ಕರಾರಿನಲ್ಲಿ “ಕಾವೇರಿ ನೀರು ಸೇರಿ” ಎಂದಿದೆಯೇ, ಬರೀ “ನೀರು ಸೇರಿ” ಎಂದಿದೆಯೇ? ಕಾವೇರಿ ಎಂದರೆ ಜಲಮಂಡಳಿಯ ಕೊಳವೆಯಲ್ಲಿ ಬರುವ ನೀರು. ಬರೀ ನೀರು ಎಂದು ಬರೆದಿದ್ದರೆ ಬೋರ್‌ವೆಲ್ ಬತ್ತಿದ ತಿಂಗಳು ಟ್ಯಾಂಕರ್ ತರಿಸುವ ಹೊಣೆಯೂ ಮಾಲೀಕರದ್ದೇ ಎಂದು ಬಾಡಿಗೆದಾರರು ವಾದಿಸಬಹುದು, ಮತ್ತು ಆ ವಾದದಲ್ಲಿ ಹುರುಳಿದೆ. ವಿದ್ಯುತ್ತು, ಲಿಫ್ಟು, ಜನರೇಟರ್, ಸೆಕ್ಯುರಿಟಿ, ಕಸ, ಪಾರ್ಕಿಂಗ್ ಇವುಗಳ ಬಗ್ಗೆ ಪ್ರತಿ ಪತ್ರದಲ್ಲಿ ಏನಿದೆ ಎಂಬುದನ್ನು ಒಂದೇ ಹಾಳೆಯಲ್ಲಿ ಮನೆವಾರು ಪಟ್ಟಿ ಮಾಡಿ. ನಾಲ್ಕು ಮನೆಗೆ ನಾಲ್ಕು ಬಗೆಯ ಷರತ್ತುಗಳು ಕಂಡರೆ ಆಶ್ಚರ್ಯಪಡಬೇಡಿ.

ಹಂತ 2: ಮೀಟರ್ ಬೋರ್ಡಿನ ಮುಂದೆ ಒಂದು ಗಂಟೆ

ಹೆಚ್ಚಿನವರು ಮಾಡದೆ ಬಿಡುವ ಕೆಲಸವಿದು, ಹೆಚ್ಚಿನ ಜಗಳಗಳ ಮೂಲವೂ ಇಲ್ಲೇ ಇರುತ್ತದೆ. ಮೆಟ್ಟಿಲ ಕೆಳಗಿನ ಮರದ ಹಲಗೆಯ ಮೇಲೆ ಐದಾರು ಮೀಟರುಗಳು, ಅವುಗಳ ಕೆಳಗೆ ಬಣ್ಣದಲ್ಲೋ ಸ್ಕೆಚ್ ಪೆನ್ನಿನಲ್ಲೋ ಬರೆದು ಅರ್ಧ ಅಳಿಸಿಹೋದ ಆರ್‌ಆರ್ ಸಂಖ್ಯೆಗಳು ಇರುತ್ತವೆ. ಆರ್‌ಆರ್ ಸಂಖ್ಯೆ ಎಂದರೆ ಪ್ರತಿ ಸಂಪರ್ಕಕ್ಕೆ ವಿದ್ಯುತ್ ಸರಬರಾಜು ಕಂಪನಿ (ಎಸ್ಕಾಂ) ಅಥವಾ ಜಲಮಂಡಳಿ ಕೊಟ್ಟಿರುವ ಗುರುತಿನ ಸಂಖ್ಯೆ. ಬಿಲ್ಲು, ಬಾಕಿ, ಠೇವಣಿ ಎಲ್ಲವೂ ಅದರ ಹೆಸರಿನಲ್ಲೇ ಇರುತ್ತವೆ.

ಬಾಡಿಗೆದಾರರಿಗೆ ಮುಂಚಿತವಾಗಿ ತಿಳಿಸಿ, ಮಾರುವವರನ್ನೂ ಒಬ್ಬ ಎಲೆಕ್ಟ್ರಿಷಿಯನ್ನನ್ನೂ ಜೊತೆಗಿಟ್ಟುಕೊಂಡು ಒಂದೊಂದೇ ಮೇನ್ ಸ್ವಿಚ್ ಇಳಿಸಿ ನೋಡಿ. ಯಾವ ಮನೆಯ ಫ್ಯಾನು ನಿಂತಿತು, ಯಾವ ಮನೆಯ ಗೀಸರ್ ಉರಿಯುತ್ತಲೇ ಇದೆ, ಸಂಪಿನ ಮೋಟರ್ ಯಾವ ಮೀಟರಿನ ಮೇಲಿದೆ, ಮೆಟ್ಟಿಲ ದೀಪಕ್ಕೆ ತಂತಿ ಎಲ್ಲಿಂದ ಬಂದಿದೆ ಎಂಬುದನ್ನು ಬರೆದುಕೊಳ್ಳಿ. ಆಮೇಲೆ ಕಟ್ಟಿದ ಮಹಡಿಗೆ ಕೆಳಗಿನ ಮನೆಯ ಮೀಟರಿನಿಂದಲೇ ತಂತಿ ಎಳೆದಿರುವುದೂ, ನೀರಿನ ಮೋಟರಿನ ಖರ್ಚನ್ನು ಅರಿಯದೆ ಒಬ್ಬ ಬಾಡಿಗೆದಾರರೇ ಹೊರುತ್ತಿರುವುದೂ ಉಂಟು. ಹಳೆಯ ಮಾಲೀಕರು ಅದಕ್ಕೆ ಪ್ರತಿಯಾಗಿ ಬಾಡಿಗೆಯಲ್ಲಿ ಮುನ್ನೂರು ರೂಪಾಯಿ ಬಾಯಿಮಾತಿನಲ್ಲಿ ಕಡಿಮೆ ಮಾಡಿದ್ದರೆ, ಆ ಮಾತು ಯಾವ ಪತ್ರದಲ್ಲೂ ಸಿಗುವುದಿಲ್ಲ.

ಅಂಗಡಿಯ ಮೀಟರನ್ನು ಪ್ರತ್ಯೇಕವಾಗಿ ನೋಡಿ. ಗೃಹಬಳಕೆಯ ದರದ ಸಂಪರ್ಕದಲ್ಲಿ ವ್ಯಾಪಾರ ನಡೆಯುತ್ತಿದ್ದರೆ 2003ರ ವಿದ್ಯುಚ್ಛಕ್ತಿ ಅಧಿನಿಯಮದ 126ನೇ ಕಲಮಿನಡಿ ಅದು ಅನಧಿಕೃತ ಬಳಕೆ. ಅನ್ವಯವಾಗುವ ದರದ ಎರಡರಷ್ಟನ್ನು, ಎಂದಿನಿಂದ ಎಂದು ತಿಳಿಯದಿದ್ದರೆ 12 ತಿಂಗಳ ಮಟ್ಟಿಗೆ, ವಸೂಲಿ ಮಾಡಬಹುದು. ತಪಾಸಣೆಗೆ ಬಂದವರು ಈ ಏರ್ಪಾಡು ಹಳೆಯ ಮಾಲೀಕರ ಕಾಲದ್ದು ಎಂದರೆ ಬಿಟ್ಟುಬಿಡುವುದಿಲ್ಲ.

ನೀರಿನ ಪರೀಕ್ಷೆ ಇದಕ್ಕಿಂತ ಸುಲಭ. ರಾತ್ರಿ ಎಲ್ಲ ನಲ್ಲಿ ನಿಂತ ಮೇಲೆ ಓವರ್‌ಹೆಡ್ ಟ್ಯಾಂಕಿನ ಮಟ್ಟ ಗುರುತಿಸಿ, ಬೆಳಗಿನ ಜಾವ ಮತ್ತೆ ನೋಡಿ. ಇಳಿದಿದ್ದರೆ ಎಲ್ಲೋ ಸೋರಿಕೆಯಿದೆ, ಮತ್ತು ಆ ಸೋರಿಕೆಯ ಬಿಲ್ಲು ನಿಮ್ಮದು.

ಹಂತ 3: 12 ತಿಂಗಳ ಬಿಲ್ಲು, ಹಳೆಯ ಬಾಕಿ

ಪ್ರತಿ ಆರ್‌ಆರ್ ಸಂಖ್ಯೆಯ ಹಿಂದಿನ ಒಂದು ವರ್ಷದ ಬಿಲ್ಲುಗಳನ್ನು ಕೇಳಿ. ಮೂರು ತಿಂಗಳದು ಸಾಲದು, ಏಕೆಂದರೆ ಬೇಸಿಗೆಯ ಖರ್ಚು ಅದರಲ್ಲಿ ಕಾಣದೆ ಹೋಗಬಹುದು. ಬಾಕಿಯಿಲ್ಲ ಎಂಬುದನ್ನು ಮಾರುವವರ ಮಾತಿನ ಮೇಲೆ ನಂಬದೆ ಎಸ್ಕಾಂ ಉಪವಿಭಾಗದಲ್ಲೂ ಜಲಮಂಡಳಿಯ ಸೇವಾ ಠಾಣೆಯಲ್ಲೂ ಸಂಖ್ಯೆ ಕೊಟ್ಟು ಖಚಿತಪಡಿಸಿಕೊಳ್ಳಿ. ಹಳೆಯ ಮಾಲೀಕರು ಉಳಿಸಿಹೋದ ವಿದ್ಯುತ್ ಬಾಕಿಯನ್ನು ತೀರಿಸಿದರಷ್ಟೇ ಸಂಪರ್ಕ ಕೊಡುತ್ತೇವೆ ಎಂದು ಹೊಸ ಮಾಲೀಕರಿಗೆ ಷರತ್ತು ಹಾಕಲು, ನಿಯಮಗಳಲ್ಲಿ ಅದಕ್ಕೆ ಅವಕಾಶವಿದ್ದರೆ, ವಿದ್ಯುತ್ ಕಂಪನಿಗೆ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಹೇಳಿದೆ.

ನೀರಿನ ಬಿಲ್ಲಿನಲ್ಲಿ ಮಳೆನೀರು ಕೊಯ್ಲಿನ ದಂಡ ಬರುತ್ತಿದೆಯೇ ನೋಡಿ. ಕಡ್ಡಾಯವಿರುವ ಕಟ್ಟಡದಲ್ಲಿ ಅದನ್ನು ಅಳವಡಿಸದಿದ್ದರೆ ದಂಡವು ಪ್ರತಿ ತಿಂಗಳ ಬಿಲ್ಲಿಗೇ ಸೇರಿ ಬರುತ್ತದೆ, ಎಷ್ಟೋ ಮಾಲೀಕರು ಅದನ್ನು ನೀರಿನ ಖರ್ಚೆಂದೇ ಭಾವಿಸಿ ಕಟ್ಟುತ್ತಾ ಹೋಗಿರುತ್ತಾರೆ. ಲಿಫ್ಟು ಇದ್ದರೆ ಅದರ ಪರವಾನಗಿ ಚಾಲ್ತಿಯಲ್ಲಿದೆಯೇ, ವಾರ್ಷಿಕ ನಿರ್ವಹಣಾ ಒಪ್ಪಂದ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಅಪಾರ್ಟ್‌ಮೆಂಟಿನ ಒಂದು ಫ್ಲ್ಯಾಟ್ ಕೊಳ್ಳುವವರು ಸಂಘದಿಂದ ಬಾಕಿಯಿಲ್ಲ ಎಂಬ ಪತ್ರ ಪಡೆದರೆ ಈ ಹಂತದ ಅರ್ಧ ಕೆಲಸ ಮುಗಿದಂತೆ.

ಹಂತ 4: ಬಾಡಿಗೆದಾರರ ಬಾಯಿಂದಲೇ ಕೇಳಿ, ಬರೆಸಿಕೊಳ್ಳಿ

ಮಾರುವವರು ಹೇಳುವುದಕ್ಕೂ ಬಾಡಿಗೆದಾರರು ಹೇಳುವುದಕ್ಕೂ ಅಂತರವಿರುತ್ತದೆ. ಮುಂಗಡ ಹಣ ಕೊಡುವ ಮೊದಲು ಪ್ರತಿ ಮನೆಯವರಿಂದ ಒಂದು ಪುಟದ ದೃಢೀಕರಣ ಪತ್ರ ಪಡೆದು, ಅದಕ್ಕೆ ಮಾರುವವರ ಸಹಿಯನ್ನೂ ಹಾಕಿಸಿ. ಅದರಲ್ಲಿ ಇರಬೇಕಾದ್ದು: ತಿಂಗಳ ಬಾಡಿಗೆ, ಕೊಟ್ಟ ಅಡ್ವಾನ್ಸ್, ಬಾಡಿಗೆಯಲ್ಲಿ ಸೇರಿರುವ ಸೇವೆಗಳು, ಪ್ರತ್ಯೇಕವಾಗಿ ಕಟ್ಟುತ್ತಿರುವ ಮೊತ್ತಗಳು, ಬಾಯಿಮಾತಿನ ಒಪ್ಪಂದಗಳು, ಬಾಕಿ ಉಳಿದ ರಿಪೇರಿಗಳು.

“ನಿಮ್ಮನ್ನು ಬಿಡಿಸುವುದಕ್ಕಲ್ಲ, ಈಗಿರುವುದನ್ನು ಬರೆದಿಟ್ಟುಕೊಳ್ಳುವುದಕ್ಕೆ” ಎಂದು ಮೊದಲೇ ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಯಾರೂ ಸಹಿ ಹಾಕುವುದಿಲ್ಲ, ಹಾಕಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಭೋಗ್ಯಕ್ಕಿರುವವರ ವಿಷಯ ಬೇರೆ. ನಮ್ಮಲ್ಲಿ ‘ಲೀಸ್’ ಎಂದೇ ಕರೆಯುವ ಈ ಪದ್ಧತಿಯಲ್ಲಿ ಬಾಡಿಗೆದಾರರು ದೊಡ್ಡ ಮೊತ್ತವೊಂದನ್ನು ಮೊದಲೇ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುತ್ತಾರೆ. ಅಂಥ ಮನೆಯ ನೀರಿನ ಬಿಲ್ಲನ್ನೂ ಮಾಲೀಕರೇ ಕಟ್ಟುವ ಷರತ್ತಿದ್ದರೆ ಆ ಮನೆಯಿಂದ ನಿಮಗೆ ತಿಂಗಳಿಗೆ ಬರುವುದು ಏನೂ ಇಲ್ಲ, ಹೋಗುವುದು ಮಾತ್ರ ಇದೆ. ಭೋಗ್ಯದ ಮೊತ್ತವನ್ನೂ ಎಲ್ಲರ ಅಡ್ವಾನ್ಸನ್ನೂ ಕ್ರಯದ ಮೊತ್ತದಲ್ಲಿ ಕಳೆದುಕೊಂಡೇ ಉಳಿದ ಹಣ ಕೊಡಿ.

ಹಂತ 5: ಸೇವೆಗಳ ಬೆಲೆ ಕಟ್ಟಿ, ಕ್ರಯದ ಕರಾರಿಗೆ ಸೇರಿಸಿ

ನೀರನ್ನೇ ತೆಗೆದುಕೊಳ್ಳಿ. ನಾಲ್ಕು ಮನೆಗಳಲ್ಲಿ 16 ಜನರಿದ್ದಾರೆ ಎಂದುಕೊಳ್ಳೋಣ. ನಗರಗಳ ನೀರು ಪೂರೈಕೆಗೆ ಬಳಸುವ ಮಾನದಂಡವಾದ ತಲಾ ದಿನಕ್ಕೆ 135 ಲೀಟರಿನಂತೆ ದಿನಕ್ಕೆ 2,160 ಲೀಟರು, ತಿಂಗಳಿಗೆ ಸುಮಾರು 65,000 ಲೀಟರು ಬೇಕು. ಏಪ್ರಿಲಿನಲ್ಲಿ ಬೋರ್‌ವೆಲ್ ಕೈಕೊಟ್ಟು ಇದರ ಅರ್ಧವನ್ನು ಹೊರಗಿನಿಂದ ತರಿಸಬೇಕಾಯಿತು ಎಂದರೆ 6,000 ಲೀಟರಿನ ಆರು ಟ್ಯಾಂಕರ್. 2024ರ ಬೇಸಿಗೆಯ ಬವಣೆಯಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಇಂಥ ಟ್ಯಾಂಕರಿಗೆ 5 ಕಿಲೋಮೀಟರಿನೊಳಗೆ 600, 10 ಕಿಲೋಮೀಟರಿನವರೆಗೆ 750 ರೂಪಾಯಿ ದರ ಕಟ್ಟಿತ್ತು. ಆ ದರದಲ್ಲೇ ಹಿಡಿದರೂ ತಿಂಗಳಿಗೆ 3,600ರಿಂದ 4,500 ರೂಪಾಯಿ ಆಗುತ್ತದೆ. ಆ ವರ್ಷ ನಿಗದಿತ ದರಕ್ಕೆ ಟ್ಯಾಂಕರ್ ಹುಡುಕಿದವರಿಗೆ ಇದು ಕನಿಷ್ಠ ಅಂದಾಜೆಂದು ಗೊತ್ತು.

ಇದೇ ರೀತಿ ಮೆಟ್ಟಿಲ ದೀಪ ಮತ್ತು ಮೋಟರಿನ ವಿದ್ಯುತ್ತು, ಲಿಫ್ಟಿನ ನಿರ್ವಹಣೆ, ಸಂಪು ತೊಳೆಸುವುದು, ಗುಡಿಸುವವರ ಸಂಬಳ, ಆಸ್ತಿ ತೆರಿಗೆಯ ಜೊತೆ ಕಟ್ಟುವ ಕಸದ ಶುಲ್ಕ ಎಲ್ಲವನ್ನೂ ವರ್ಷಕ್ಕೆ ಕೂಡಿಸಿ. ವಾರ್ಷಿಕ ಬಾಡಿಗೆಯಿಂದ ಇದನ್ನು ಕಳೆದು ಉಳಿಯುವುದೇ ಕಟ್ಟಡದ ನಿಜವಾದ ಆದಾಯ. ಚೌಕಾಸಿ ಮಾಡುವುದಿದ್ದರೆ ಈ ಅಂಕಿಯನ್ನು ಮುಂದಿಟ್ಟು ಮಾಡಿ. ತೆರಿಗೆಯ ಮಾತು ಬಂದಾಗ ಇನ್ನೊಂದು ವಿಷಯ: ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಕಟ್ಟಡದ ತೆರಿಗೆ ದರ ಸ್ವಂತ ವಾಸದ ದರದ ಎರಡರಷ್ಟು. ಮಾರುವವರು ಸ್ವಂತ ವಾಸವೆಂದು ಘೋಷಿಸಿ ಕಟ್ಟಿದ್ದರೆ ಆ ರಸೀದಿಯ ಮೊತ್ತವನ್ನು ನಿಮ್ಮ ಲೆಕ್ಕಕ್ಕೆ ಹಿಡಿಯಬೇಡಿ.

ಕ್ರಯದ ಕರಾರಿನಲ್ಲಿ, ನೋಂದಣಿಯ ದಿನದವರೆಗಿನ ಎಲ್ಲ ಬಿಲ್ಲುಗಳು, ಆಮೇಲೆ ಬಂದರೂ ಆ ಅವಧಿಗೆ ಸೇರಿದ ಬಿಲ್ಲುಗಳು ಮತ್ತು ದಂಡಗಳು ಮಾರುವವರ ಹೊಣೆ ಎಂದು ಬರೆಸಿ. ಅದಕ್ಕಾಗಿ ಒಂದಿಷ್ಟು ಮೊತ್ತವನ್ನು ಎರಡು ಬಿಲ್ಲಿನ ಅವಧಿಯವರೆಗೆ ತಡೆಹಿಡಿಯಲು ಒಪ್ಪಿಸಿದರೆ ಇನ್ನೂ ಒಳ್ಳೆಯದು.

ಹಂತ 6: ನೋಂದಣಿಯ ದಿನ ಮತ್ತು ಆ ವಾರ

ನೋಂದಣಿ ಕಚೇರಿಗೆ ಹೊರಡುವ ಬೆಳಿಗ್ಗೆ ಎಲ್ಲ ಮೀಟರುಗಳ ಅಂಕಿಯನ್ನು ಫೋಟೋ ತೆಗೆದು ಮಾರುವವರಿಗೂ ಕಳುಹಿಸಿ. ಅದೇ ವಾರ ಪ್ರತಿ ಬಾಡಿಗೆದಾರರಿಗೆ ಹಳೆಯ ಮಾಲೀಕರ ಸಹಿಯೂ ಇರುವ ಪತ್ರ ಕೊಡಿ: ಕಟ್ಟಡ ಮಾರಾಟವಾಗಿದೆ, ಇಂಥ ದಿನಾಂಕದಿಂದ ಬಾಡಿಗೆ ಈ ಖಾತೆಗೆ, ಅಡ್ವಾನ್ಸ್ ಹೊಸ ಮಾಲೀಕರಿಗೆ ವರ್ಗವಾಗಿದೆ, ಈಗಿರುವ ಸೇವೆಗಳು ಹಾಗೆಯೇ ಮುಂದುವರಿಯುತ್ತವೆ. ಕೊನೆಯ ಮಾತನ್ನು ಬರೆಯಲು ಹಿಂಜರಿಯಬೇಡಿ. ಅದು ಹೇಗೂ ನಿಮ್ಮ ಹೊಣೆಯೇ, ಬರೆದರೆ ಬಾಡಿಗೆದಾರರ ಆತಂಕವಾದರೂ ಇಳಿಯುತ್ತದೆ.

ನಂತರ ಆರ್‌ಆರ್ ಸಂಖ್ಯೆಗಳ ಹೆಸರು ಬದಲಾವಣೆಗೆ ಅರ್ಜಿ ಹಾಕಿ. ಕ್ರಯಪತ್ರ, ಖಾತಾ, ಗುರುತಿನ ಚೀಟಿ, ಕೊನೆಯ ಬಿಲ್ಲು ಕೈಯಲ್ಲಿರಲಿ. ಹಳೆಯ ಗ್ರಾಹಕರ ಒಪ್ಪಿಗೆ ಪತ್ರವನ್ನು ನೋಂದಣಿಯ ದಿನವೇ ಬರೆಸಿಕೊಳ್ಳಿ, ಭದ್ರತಾ ಠೇವಣಿಯ ವರ್ಗಾವಣೆಗೆ ಅದು ಬೇಕಾಗುತ್ತದೆ. ಕಟ್ಟಡ ತಂದೆತಾಯಿಯಿಂದ ಬಂದದ್ದಾಗಿದ್ದರೆ ಕ್ರಯಪತ್ರದ ಬದಲು ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ. ಮೊಬೈಲ್ ಸಂಖ್ಯೆಯನ್ನೂ ಬದಲಿಸಿ. ಇಲ್ಲದಿದ್ದರೆ ಬಿಲ್ಲಿನ ಸಂದೇಶಗಳೆಲ್ಲ ಹಳೆಯ ಮಾಲೀಕರಿಗೆ ಹೋಗುತ್ತವೆ, ನಿಮಗೆ ವಿಷಯ ತಿಳಿಯುವುದು ಲೈನ್‌ಮ್ಯಾನ್ ಫ್ಯೂಸ್ ಕೀಳಲು ಬಂದಾಗ.

ಗೃಹಜ್ಯೋತಿಯ ಬಗ್ಗೆ ಎಚ್ಚರ. 2023ರ ಜುಲೈನಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಗೃಹಬಳಕೆಗೆ 200 ಯೂನಿಟ್‌ವರೆಗೆ, ಆಯಾ ಮನೆಯ ಸರಾಸರಿ ಬಳಕೆಗೆ ಅನುಗುಣವಾಗಿ, ವಿದ್ಯುತ್ತು ಉಚಿತ. ಬಾಡಿಗೆದಾರರೂ ತಮ್ಮ ಆಧಾರ್ ಸಂಖ್ಯೆಯನ್ನು ಮನೆಯ ಆರ್‌ಆರ್ ಸಂಖ್ಯೆಗೆ ಜೋಡಿಸಿ ಇದನ್ನು ಪಡೆಯುತ್ತಾರೆ. ಹೆಸರು ಬದಲಾವಣೆಯ ಭರದಲ್ಲಿ ಅವರ ಜೋಡಣೆ ಕಳಚದಂತೆ ಉಪವಿಭಾಗದಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಎರಡು ಮೂರು ಮನೆಗಳು ಒಂದೇ ಮೀಟರಿನಲ್ಲಿದ್ದರೆ ಒಟ್ಟು ಬಳಕೆ 200 ಯೂನಿಟ್ ದಾಟಿ ಇಡೀ ಬಿಲ್ಲು ಕಟ್ಟಬೇಕಾಗುತ್ತದೆ. ಪ್ರತ್ಯೇಕ ಮೀಟರ್ ಹಾಕಿಸಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ. ಬಿಲ್ಲು ಶೂನ್ಯ ಬರುತ್ತಿದ್ದರೂ ಕರೆಂಟಿಗೆಂದು ತಿಂಗಳಿಗೆ ಐನೂರು ವಸೂಲಿ ಮಾಡುವ ಮಾಲೀಕರಿದ್ದಾರೆ. ನೀವು ಆ ಸಾಲಿಗೆ ಸೇರಬೇಡಿ.

ಹಂತ 7: ಕರಾರು ಮುಗಿಯುವವರೆಗೆ

ಇಲ್ಲಿ ಒಂದೇ ನಿಯಮ: ಏನೇ ಆದರೂ ನೀರು, ವಿದ್ಯುತ್ತು ಕಡಿಯಬೇಡಿ. ಬಾಡಿಗೆ ಬಾಕಿಯಿದೆ, ಮನೆ ಬಿಡುತ್ತಿಲ್ಲ, ಜಗಳವಾಡಿದರು, ಇವು ಯಾವುವೂ ಕಾರಣವಾಗುವುದಿಲ್ಲ. ಬಾಡಿಗೆದಾರರು ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ತರಬಹುದು, ಬಾಡಿಗೆ ಅಧಿನಿಯಮಕ್ಕೆ ಒಳಪಟ್ಟ ಮನೆಯಾದರೆ ಅಗತ್ಯ ಸೇವೆ ನಿಲ್ಲಿಸುವುದನ್ನು ಆ ಕಾಯ್ದೆಯೇ ನಿಷೇಧಿಸುತ್ತದೆ. ವಿದ್ಯುತ್ತು ಮೂಲಭೂತ ಸೌಕರ್ಯವೆಂದೂ, ಮಾಲೀಕರು ನಿರಾಕ್ಷೇಪಣಾ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸುವಂತಿಲ್ಲವೆಂದೂ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಮಾಲೀಕರು ಕಟ್ಟಲೇಬೇಕಾದ ಬಿಲ್ಲನ್ನು ಕಟ್ಟದೆ, ಅದು ಬಾಡಿಗೆದಾರರಿಂದಲೋ ಆಸ್ತಿಯಿಂದಲೋ ವಸೂಲಾಗುವಂತಿದ್ದರೆ, ಅವರೇ ಅದನ್ನು ಕಟ್ಟಿ ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಲು 1882ರ ಅಧಿನಿಯಮದ 108ನೇ ಕಲಂ ಅವಕಾಶ ಕೊಡುತ್ತದೆ.

ಸಬ್ ಮೀಟರ್ ಇದ್ದಲ್ಲಿ, ಅಂದರೆ ಎಸ್ಕಾಂ ಮೀಟರಿನ ಒಳಗೆ ಮಾಲೀಕರೇ ಹಾಕಿಸಿದ ಅಳತೆಯ ಮೀಟರ್ ಇದ್ದಲ್ಲಿ, ಯೂನಿಟ್‌ಗೆ ಹತ್ತು ರೂಪಾಯಿ ಎಂದು ದುಂಡಗೆ ವಸೂಲಿ ಮಾಡಬೇಡಿ. ಮೂಲ ಬಿಲ್ಲಿನ ಪ್ರತಿ ತೋರಿಸಿ ಬಳಕೆಗೆ ತಕ್ಕಂತೆ ಹಂಚಿ. ನೀವು ಜಿಎಸ್‌ಟಿ ನೋಂದಾಯಿತರಾಗಿದ್ದು ಅಂಗಡಿ ಬಾಡಿಗೆಗೆ ತೆರಿಗೆ ವಿಧಿಸುತ್ತಿದ್ದರೆ ಇದು ಇನ್ನೂ ಮುಖ್ಯ: 2023ರ ಅಕ್ಟೋಬರ್ 31ರ ಸುತ್ತೋಲೆಯ ಪ್ರಕಾರ ಬಾಡಿಗೆಯೊಡನೆ ಬೆರೆಸಿ ವಸೂಲಿ ಮಾಡಿದ ವಿದ್ಯುತ್ತಿನ ಮೊತ್ತಕ್ಕೂ ಬಾಡಿಗೆಯ ತೆರಿಗೆಯೇ ಬೀಳುತ್ತದೆ, ಬಾಡಿಗೆದಾರರ ಪರವಾಗಿ ಬಿಲ್ಲಿನಲ್ಲಿದ್ದಷ್ಟೇ ವಸೂಲಿ ಮಾಡಿ ಕಟ್ಟಿದರೆ ಬೀಳುವುದಿಲ್ಲ.

ಹಂತ 8: ಷರತ್ತು ಬದಲಿಸುವುದು

ಕರಾರು ನವೀಕರಣಕ್ಕೆ ಎರಡು ತಿಂಗಳು ಮೊದಲೇ ಮಾತು ಶುರುಮಾಡಿ. ಸೇವೆಗಳನ್ನು ಬಾಡಿಗೆಯಿಂದ ಹೊರತೆಗೆಯುವುದಾದರೆ ಬಾಡಿಗೆಯನ್ನೂ ಅಷ್ಟು ಇಳಿಸಿ. ಹಾಗೆ ಮಾಡದೆ ನೀರಿಗೆ ಬೇರೆ ಹಣ ಕೇಳಿದರೆ ಅದು ಬೇರೆ ಹೆಸರಿನಲ್ಲಿ ಬಾಡಿಗೆ ಏರಿಸಿದಂತೆಯೇ, ಬಾಡಿಗೆದಾರರಿಗೂ ಅದು ಅರ್ಥವಾಗುತ್ತದೆ. ನನ್ನ ಮಟ್ಟಿಗೆ, ಸಣ್ಣ ಕಟ್ಟಡದಲ್ಲಿ ಕಾವೇರಿ ನೀರು ಮತ್ತು ಮೆಟ್ಟಿಲ ದೀಪವನ್ನು ಬಾಡಿಗೆಯಲ್ಲೇ ಉಳಿಸಿ ಟ್ಯಾಂಕರನ್ನು ಮಾತ್ರ ಹೊರಗಿಡುವುದೇ ಲೇಸು. ನೂರಿನ್ನೂರು ರೂಪಾಯಿಗಾಗಿ ಪ್ರತಿ ತಿಂಗಳು ನಾಲ್ಕು ಬಾಗಿಲು ತಟ್ಟುವ ಶ್ರಮ ತಪ್ಪುತ್ತದೆ.

ಷರತ್ತನ್ನು ಹೀಗೆ ಬರೆಸಬಹುದು: “ಮಾಸಿಕ ಬಾಡಿಗೆಯಲ್ಲಿ ಜಲಮಂಡಳಿಯ ನೀರು, ಮೆಟ್ಟಿಲ ದೀಪ ಮತ್ತು ಮೋಟರಿನ ವಿದ್ಯುತ್ತು ಸೇರಿವೆ. ಟ್ಯಾಂಕರ್ ನೀರು ತರಿಸಿದ ತಿಂಗಳು ಅದರ ರಸೀದಿಯ ಮೊತ್ತವನ್ನು ಎಲ್ಲ ಮನೆಗಳ ವಾಸಿಗಳ ಸಂಖ್ಯೆಗೆ ಅನುಗುಣವಾಗಿ ಹಂಚಿ, ಬಾಡಿಗೆದಾರರು ತಮ್ಮ ಪಾಲನ್ನು ಮುಂದಿನ ತಿಂಗಳ ಬಾಡಿಗೆಯೊಡನೆ ಕೊಡತಕ್ಕದ್ದು. ಮನೆಯ ಒಳಗಿನ ವಿದ್ಯುತ್ ಬಿಲ್ಲು ಬಾಡಿಗೆದಾರರದು.” ಆರ್‌ಆರ್ ಸಂಖ್ಯೆಯನ್ನೂ ಅಂದಿನ ಮೀಟರಿನ ಅಂಕಿಯನ್ನೂ ಕರಾರಿನಲ್ಲೇ ನಮೂದಿಸಿ.

ಹಳೆಯ ಬಾಡಿಗೆದಾರರು ಮನೆ ಬಿಡುವ ದಿನ ಅವರೆದುರಿಗೇ ಮೀಟರಿನ ಅಂಕಿ ಬರೆದು, ಬಾಕಿ ಬಿಲ್ಲು ಕಳೆದು ಅಡ್ವಾನ್ಸ್ ಹಿಂತಿರುಗಿಸಿ. ಗೃಹಜ್ಯೋತಿಯಿಂದ ಅವರ ಆಧಾರ್ ಜೋಡಣೆಯನ್ನು ಅಂದೇ ರದ್ದು ಮಾಡಿಸಲು ಹೇಳಿ. ಮರೆತರೆ ಅವರಿಗೆ ಹೊಸ ಮನೆಯಲ್ಲೂ, ನಿಮ್ಮ ಮನೆಗೆ ಬರುವ ಮುಂದಿನವರಿಗೆ ಇಲ್ಲೂ ಅರ್ಜಿ ಸಿಕ್ಕಿಕೊಳ್ಳುತ್ತದೆ.